ತೊಟ್ಟಿ ಮನೆಯ ದುರಸ್ತಿಗೆ ಮುನ್ನ ನೋಡಿಡಬೇಕಾದ ಗುರುತುಗಳು

ಹಳೇ ಮೈಸೂರು ಸೀಮೆಯಲ್ಲಾಗಲಿ ಮಲೆನಾಡಿನಲ್ಲಾಗಲಿ, ಹಿರಿಯರಿಂದ ಬಂದ ತೊಟ್ಟಿ ಮನೆಯನ್ನು, ಅಂದರೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿಯಂಗಳವಿರುವ ಮನೆಯನ್ನು, ದುರಸ್ತಿ ಮಾಡಿಸಹೊರಟವರು ಗಾರೆಯವರನ್ನು ಕರೆಸುವ ಮೊದಲು ಅದರ ನಕ್ಷೆಯೊಂದನ್ನು ತಾವೇ ಬರೆದುಕೊಳ್ಳಬೇಕು. ಅಡಿಯ ಅಳತೆಯ ಜೊತೆಗೆ ಅಂಕಣಗಳನ್ನೂ, ಅಂದರೆ ಕಂಬದಿಂದ ಕಂಬಕ್ಕಿರುವ ಅಂತರವನ್ನೂ ಎಣಿಸಿರಿ. ಕಟ್ಟಿದವರು ಲೆಕ್ಕ ಹಾಕಿದ್ದು ಹಾಗೆಯೇ ಆದ್ದರಿಂದ, ಅಂಕಣಕ್ಕೆ ಹೊಂದದ ಗೋಡೆ ಸಾಮಾನ್ಯವಾಗಿ ಆಮೇಲೆ ಎದ್ದದ್ದು, ಎಷ್ಟೋ ಕಡೆ ಅಣ್ಣತಮ್ಮಂದಿರು ಪಾಲಾದಾಗ.

ನಂತರ ನೆಲ ನೋಡಿ. ಮಲಗುವ ಕೋಣೆಯಲ್ಲಿ ಹೂತ ಒರಳುಕಲ್ಲಿದ್ದರೆ ಅದು ಹಿಂದೆ ಅಡುಗೆಮನೆ. ಗೋಡೆಯುದ್ದಕ್ಕೂ ಗೋದಲಿಯ ಕಟ್ಟೆ, ಕಂಬದ ಬುಡದಲ್ಲಿ ಹಗ್ಗ ಉಜ್ಜಿ ಬಿದ್ದ ಗೆರೆ ಇದ್ದರೆ ದನ ಕಟ್ಟುತ್ತಿದ್ದ ಜಾಗ. ಚಪ್ಪಡಿ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಕೆಳಗೆ ರಾಗಿಯ ಹಗೇವು, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿ, ಇರಬಹುದು. ಅದರ ಬಾಯಿ ತೆಗೆದೊಡನೆ ಯಾರನ್ನೂ ಇಳಿಸಬೇಡಿ, ಮುಚ್ಚಿಟ್ಟ ಹಗೇವಿನ ಗಾಳಿ ಉಸಿರು ಕಟ್ಟಿಸಿ ಕೊಲ್ಲುತ್ತದೆ.

ಮಂಗಳೂರು ಹೆಂಚಿನ ಮೇಲೆ 1865 ಎಂಬ ಮುದ್ರೆ ಕಂಡರೆ ಮನೆ ಆ ವರ್ಷದ್ದೆಂದು ತೀರ್ಮಾನಿಸಬಾರದು. ಅದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಮುಂದೆ ತಯಾರಾದ ಹೆಂಚಿಗೂ ಅದನ್ನೇ ಒತ್ತುತ್ತಿದ್ದರು. ಮನೆ ಅದಕ್ಕಿಂತ ಹಳೆಯದೂ ಇರಬಹುದು, ಏಕೆಂದರೆ ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದ ಮನೆಗಳು ಬಹಳ.

ಬಳಕೆ ಬದಲಾದದ್ದು ಹೆಚ್ಚು ಸ್ಪಷ್ಟವಾಗಿ ಕಾಣುವುದು ಜಗಲಿಯಲ್ಲಿ. ನಾನು ನೋಡಿದ ಒಂದು ಮನೆಯಲ್ಲಿ ಜಗಲಿಯ ಅರ್ಧ ಭಾಗ ಕಿರಾಣಿ ಅಂಗಡಿಯಾಗಿ, ಆಮೇಲೆ ಹಾಲು ಅಳೆಯುವ ಡೈರಿಯಾಗಿತ್ತು. ಹಲಗೆ ಬಾಗಿಲು ಕೂರಲು ಕೊರೆದ ಸಂದು ಹೊಸ್ತಿಲಲ್ಲಿ ಇನ್ನೂ ಇತ್ತು, ಪ್ರತಿ ಹಲಗೆಯ ಜಾಗಕ್ಕೂ ಒಂದರಿಂದ ಏಳರವರೆಗೆ ಉಳಿಯಲ್ಲಿ ಗೀರಿದ ಅಂಕಿಗಳಿದ್ದವು. ಮನೆಯವರು ಅದನ್ನು ಹತ್ತರಿ ಹೊಡೆಸಿ ನುಣುಪು ಮಾಡಿಸಬೇಕೆಂದಿದ್ದರು. ಬೇಡವೆಂದು ಬಹಳವಾಗಿ ಕೇಳಿಕೊಂಡೆ. ಅಂಗಡಿಯೂ ಆ ಮನೆಯ ಚರಿತ್ರೆಯೇ, ಮೂಲ ರೂಪಕ್ಕೆ ತರುವ ಉತ್ಸಾಹದಲ್ಲಿ ಅದನ್ನು ಅಳಿಸುವುದು ನನಗೆ ಸರಿಕಾಣದು.

ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿಸಬೇಡಿ. ನೆಲದಿಂದ ಏರಿದ ತೇವ ಹೊರಹೋಗಲಾರದೆ ಒಳಗೇ ನಿಂತು, ಗೋಡೆ ಬುಡದಿಂದ ಮೆತ್ತಗಾಗುತ್ತದೆ. ಸುಣ್ಣದ ಗಾರೆಯೇ ಆಗಬೇಕು. ತೊಟ್ಟಿಯನ್ನು ಮುಚ್ಚಲೇಬೇಕಾದರೆ ಶೀಟನ್ನು ಸೂರಿಗಿಂತ ಎತ್ತರಿಸಿ, ಬಿಸಿಗಾಳಿ ಹೊರಹೋಗಲು ನಾಲ್ಕೂ ಕಡೆ ಸಂದು ಬಿಡಿಸಿರಿ. ಮಳೆಗಾಲಕ್ಕೆ ಮುನ್ನ ತೊಟ್ಟಿಗೆ ನಾಲ್ಕು ಕೊಡ ನೀರು ಸುರಿದು, ಅದು ತೂಬಿನಿಂದ ಎಲ್ಲಿಗೆ ಹೋಗಿ ಬೀಳುತ್ತದೆಂಬುದನ್ನು ಹೊರಗೆ ನಿಂತು ನೋಡಿ, ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ.