ವರುಣಾ ಕ್ಷೇತ್ರ: ಚುನಾವಣಾ ಇತಿಹಾಸವನ್ನು ದಾಖಲಿಸುವ ಬಗೆ

ವಿಧಾನಸಭಾ ಕ್ಷೇತ್ರವೊಂದರ ಚುನಾವಣಾ ಇತಿಹಾಸವನ್ನು ಬರೆಯ ಹೊರಟವರು ಗೆದ್ದವರ ಪಟ್ಟಿಯಿಂದಲ್ಲ, ಕ್ಷೇತ್ರ ಪುನರ್ವಿಂಗಡಣೆಯಿಂದ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸಿದ ಹಂತದಿಂದ ಆರಂಭಿಸಬೇಕು. ಹೀಗೆ ಪುನರ್ವಿಂಗಡಣೆಯಲ್ಲಿ ರೂಪುಗೊಂಡ ಮೈಸೂರು ಜಿಲ್ಲೆಯ ವರುಣಾ ಮೊದಲ ಚುನಾವಣೆ ಕಂಡದ್ದು 2008ರಲ್ಲಿ. ಆದ್ದರಿಂದ ಅದಕ್ಕೂ ಹಿಂದಿನ ಮತಗಳ ಜಾಡನ್ನು ನೆರೆಯ ಕ್ಷೇತ್ರಗಳಲ್ಲಿ ಹುಡುಕಬೇಕು. ಉಪಚುನಾವಣೆಗಳ ಫಲಿತಾಂಶವನ್ನು ಪ್ರತ್ಯೇಕವಾಗಿ ತೆಗೆದು ನೋಡಿ; ಇಲ್ಲವಾದರೆ 2006ರ ಉಪಚುನಾವಣೆಯಲ್ಲಿ ನೆರೆಯ ಚಾಮುಂಡೇಶ್ವರಿ ಕ್ಷೇತ್ರದಿಂದ ಸಿದ್ದರಾಮಯ್ಯನವರು ಕೇವಲ 257 ಮತಗಳ ಅಂತರದಿಂದ ಗೆದ್ದಂತಹ ಮಹತ್ವದ ಸ್ಪರ್ಧೆಯೇ ಕೈಬಿಟ್ಟುಹೋಗುತ್ತದೆ. ವರುಣಾದಲ್ಲಿ 2008 ಮತ್ತು 2013ರಲ್ಲಿ ಅವರು, 2018ರಲ್ಲಿ ಅವರ ಪುತ್ರ ಯತೀಂದ್ರ, 2023ರಲ್ಲಿ ವಿ. ಸೋಮಣ್ಣನವರನ್ನು ಮಣಿಸಿ ಮತ್ತೆ ಸಿದ್ದರಾಮಯ್ಯನವರೇ ಗೆದ್ದರು. ಇಷ್ಟಕ್ಕೇ ನಿಲ್ಲಬೇಡಿ. ಚುನಾವಣಾಧಿಕಾರಿ ಸಿದ್ಧಪಡಿಸುವ ನಮೂನೆ 20ರಲ್ಲಿ ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬ ಲೆಕ್ಕವಿರುತ್ತದೆ. ಊರೂರಿನ ಒಲವು ನಿಜವಾಗಿ ಕಾಣುವುದು ಅಲ್ಲಿಯೇ. ಮತಗಟ್ಟೆಗಳ ಕ್ರಮಸಂಖ್ಯೆಗಳು ಚುನಾವಣೆಯಿಂದ ಚುನಾವಣೆಗೆ ಬದಲಾಗಬಹುದಾದ್ದರಿಂದ ಹೋಲಿಸುವಾಗ ಊರಿನ ಹೆಸರನ್ನೇ ಆಧಾರವಾಗಿ ಹಿಡಿಯಿರಿ.