ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮೆಷಿನ್‌ನಲ್ಲಿ 16 ಗೇಜಿನ ಗೇಟ್: ನನ್ನ ಅನುಭವ

ಪುಣೆ ಹತ್ತಿರದ ಭೋಸರಿಯ ನಮ್ಮ ಗಲ್ಲಿಯಲ್ಲಿ ವೆಲ್ಡಿಂಗ್ ಅಂದ್ರೆ ದೊಡ್ಡ ಟ್ರಾನ್ಸ್‌ಫಾರ್ಮರ್ ಸೆಟ್. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಹಳೇ ಕೆಲಸಗಾರರೆಲ್ಲ ಅದರಲ್ಲೇ ಕೈ ಪಳಗಿಸಿದವರು. ಸಿಂಗಲ್ ಫೇಸಿನ 200 ಆ್ಯಂಪ್ ಇನ್ವರ್ಟರ್‌ನಲ್ಲಿ ಕಲಿಯುತ್ತೇನೆ ಎಂದಾಗ "ಅದು ಮಕ್ಕಳ ಆಟಿಕೆ, ಒಂದು ಮಳೆಗಾಲಕ್ಕೆ ಸುಟ್ಟು ಹೋಗತ್ತೆ" ಎಂದರು. ನೇರ ಮಿಗ್ (ಗ್ಯಾಸ್ ಬಿಟ್ಟುಕೊಂಡು ತಂತಿಯಿಂದ ಬೆಸೆಯುವ ಮೆಷಿನ್) ತಗೋ ಎಂದವರೂ ಇದ್ದರು. ಬಯಲಲ್ಲಿ ಗಾಳಿ ಬಂದರೆ ಮಿಗ್‌ನ ಗ್ಯಾಸ್ ಹಾರಿ ಹೋಗುತ್ತದೆ, ಸಿಲಿಂಡರ್ ಡಿಪಾಸಿಟ್ ಬೇರೆ. ಅದು ನನಗೆ ಬೇಡವಾಗಿತ್ತು. ಈಗ ಅದೇ ಇನ್ವರ್ಟರ್‌ನಲ್ಲಿ ಮಾಡಿದ ಸುಮಾರು 10 ಅಡಿ ಅಗಲದ ಗೇಟ್ ಎರಡು ಮಳೆಗಾಲ ಕಳೆದು ನಿಂತಿದೆ. ಒಂದು ಜಾಯಿಂಟೂ ಬಿಟ್ಟಿಲ್ಲ.

ಮೆಷಿನ್‌ಗೆ 7 ಸಾವಿರದ ಆಸುಪಾಸು ಬಿತ್ತು. ಬೆಳಕು ಬಿದ್ದೊಡನೆ ಗಾಜು ತಾನೇ ಕಪ್ಪಾಗುವ ಆಟೋ ಡಾರ್ಕ್ ಮಾಸ್ಕ್‌ಗೆ ಒಂದೂವರೆ ಸಾವಿರ. ಕೈಯಲ್ಲಿ ಹಿಡಿಯುವ ಕಪ್ಪು ಗಾಜು ನೂರು ಚಿಲ್ಲರೆಗೆ ಸಿಗುತ್ತದೆ ನಿಜ. ಆದರೆ ಹೊಸಬರಿಗೆ ಎರಡು ಕೈಯೂ ಖಾಲಿ ಇರಬೇಕು, ಅಲ್ವಾ? ಮಾಸ್ಕ್‌ನಲ್ಲಿ ಉಳಿಸಬೇಡಿ. ಗ್ರೈಂಡರ್, ಗ್ಲೌಸ್, ರಾಡ್ ಎಲ್ಲ ಸೇರಿ 15 ಸಾವಿರ ದಾಟಿತು.

ಮೊದಲು ಕಾಡಿದ್ದು ಕರೆಂಟ್. ರಾಡ್ ಅಂಟುತ್ತದೆ, ಆರ್ಕ್ (ರಾಡ್ ತುದಿಯಲ್ಲಿ ಉರಿಯುವ ಕಿಡಿ) ಆರುತ್ತದೆ, ಲೈನಿನ ಎಂಸಿಬಿ ಸ್ವಿಚ್ ಬೀಳುತ್ತದೆ. ನೋಡಿದವರೆಲ್ಲ ಮೆಷಿನ್ ಮೇಲೆ ತಪ್ಪು ಹೊರಿಸಿದರು. ಎಕ್ಸ್‌ಟೆನ್ಷನ್ ತಂತಿ ಮುಟ್ಟಿದರೆ ಸುಡುತ್ತಿತ್ತು. ಎಲೆಕ್ಟ್ರಿಷಿಯನ್ ಕರೆಸಿ 4 ಚದರ ಎಂಎಂ ತಂತಿಯಲ್ಲಿ ಬೇರೆ ಲೈನ್ ಎಳೆಸಿದೆ, ಶುರುವಿನ ಕರೆಂಟ್ ಎಳೆತಕ್ಕೆ ಬೀಳದ ಸಿ ಕರ್ವ್ ಎಂಸಿಬಿ ಹಾಕಿಸಿದೆ. ಮೆಷಿನ್ ಜೊತೆ ಬಂದ, ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಅರ್ಥ್ ಕ್ಲಾಂಪ್ ತಗಡಿನದು. ಅದನ್ನು ಎಸೆದು ಹಿತ್ತಾಳೆಯದು ತಂದೆ. ಅಂದಿನಿಂದ ಆರ್ಕ್ ಆರದೆ ಸ್ಥಿರವಾಗಿ ಉರಿಯಿತು. ಖರ್ಚು ಎರಡೂವರೆ ಸಾವಿರ.

ಅಭ್ಯಾಸಕ್ಕೆ ಭಂಗಾರ್ (ಗುಜರಿ) ಅಂಗಡಿಯ 5 ಎಂಎಂ ಪಟ್ಟಿ, 2.5 ಎಂಎಂನ 6013 ನಂಬರಿನ ಸಾಮಾನ್ಯ ರಾಡ್, 80ರಿಂದ 90 ಆ್ಯಂಪ್. ಬೀಡ್ (ಬೆಸುಗೆಯ ಗೆರೆ) ಮೇಲಿಂದ ಚೆಂದ ಕಂಡರೆ ಸಾಲದು. ಎರಡು ಪಟ್ಟಿಯನ್ನು ಟಿ ಆಕಾರದಲ್ಲಿ ಒಂದೇ ಬದಿ ಬೆಸೆದು, ಸುತ್ತಿಗೆಯಿಂದ ಬೆಸುಗೆಯ ಕಡೆಗೇ ಬಡಿದು ಮುರಿದೆ. ಒಳಗೆ ಕಪ್ಪು ಸ್ಲ್ಯಾಗ್ (ರಾಡಿನ ಲೇಪ ಕರಗಿ ಉಳಿದ ಕಸ) ಸಾಲಾಗಿ ಕೂತಿತ್ತು. ಆರ್ಕ್ ಉದ್ದವಾದರೆ ಹೀಗೆ. ಮುರಿಯುವುದೇ ನನ್ನ ಶಾಲೆ. ಪಟ್ಟಿ ಬಾಗಿದರೂ ಬೆಸುಗೆ ಬಿಡದಷ್ಟಾದ ಮೇಲೆಯೇ ಪೈಪ್‌ಗೆ ಇಳಿದೆ.

16 ಗೇಜಿನ, ಅಂದರೆ ಸುಮಾರು 1.6 ಎಂಎಂ ದಪ್ಪದ ಚೌಕ ಪೈಪ್‌ನಲ್ಲಿ ಕರಗಿ ತೂತಿನ ಮೇಲೆ ತೂತು. ಆ್ಯಂಪ್ ಇಳಿಸು ಅಂತಾರೆ. ಇಳಿಸಿದರೆ ರಾಡ್ ಅಂಟುತ್ತದೆ. ಕೊನೆಗೆ ಕೆಲಸ ಮಾಡಿದ್ದು ಇದು: ರಾಡ್ ಹಿಡಿಯುವ ಹೋಲ್ಡರ್ ಮೆಷಿನ್‌ನ ನೆಗೆಟಿವ್‌ಗೆ, 60-65 ಆ್ಯಂಪ್, ನಿಂತ ಜಾಯಿಂಟ್‌ನಲ್ಲಿ ಮೇಲಿಂದ ಕೆಳಗೆ ಬೇಗ ಎಳೆಯುವುದು. ಪೈಪ್ ಕತ್ತರಿಸುವಾಗಲೇ ಸಂದು ಇಲ್ಲದಂತೆ ಕೂರಿಸಬೇಕು. ಸಂದಿದ್ದರೆ ಯಾವ ಕೈಚಳಕವೂ ನಡೆಯದು. ಪುಣೆಯ ಹಳೇ ಸಾಮಾನಿನ ಜುನಾ ಬಜಾರ್‌ನಲ್ಲಿ ಸಿಕ್ಕ ತಾಮ್ರದ ಹಳೇ ಬಸ್‌ಬಾರ್ (ಕರೆಂಟ್ ಪ್ಯಾನೆಲಿನ ದಪ್ಪ ಪಟ್ಟಿ) ತುಂಡೊಂದನ್ನು ತೂತಿನ ಹಿಂದೆ ಒತ್ತಿ ಹಿಡಿದು ತುಂಬಿ ನೋಡಿದೆ. ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ತೂತು ಸಲೀಸಾಗಿ ಮುಚ್ಚುತ್ತದೆ. ಚೌಕ ಪೈಪ್‌ನ ಒಳಗೆ ಕೈ ಹೋಗಲ್ಲ ಅನ್ನೋದೇ ತೊಂದರೆ. ತೆರೆದ ತುದಿ, ಆ್ಯಂಗಲ್, ತಗಡಿಗೆ ಮಾತ್ರ ಬರುತ್ತದೆ.

ಜುಲೈನಲ್ಲಿ ರಾಡ್ ತೇವ ಹಿಡಿಯಿತು. ಮರದ ಪೆಟ್ಟಿಗೆಯಲ್ಲಿ 60 ವ್ಯಾಟಿನ ಹಳೇ ಬಲ್ಬ್ ಉರಿಸಿ ಅದರಲ್ಲಿಟ್ಟೆ. 6013ಗೆ ಅಷ್ಟು ಸಾಕು. ಜಾಸ್ತಿ ಕಾಯಿಸಿದರೆ ಅದರ ಲೇಪವೇ ಕೆಡುತ್ತದೆ. ಜಿಐ (ಸತು ಲೇಪದ) ಪೈಪ್ ಇದ್ದರೆ ಸತು ಉಜ್ಜಿ ತೆಗೆದೇ ಬೆಸೆಯಿರಿ. ಸತು ಸುಟ್ಟ ಹೊಗೆಗೆ ರಾತ್ರಿ ಚಳಿಜ್ವರ ಬರುತ್ತದೆ.

ಗೇಟ್‌ನ ಎರಡು ಕರ್ಣಗಳ ವ್ಯತ್ಯಾಸ 2 ಎಂಎಂ ಒಳಗೆ ಬಂತು, ಅಂದರೆ ಮೂಲೆಗಳು ಸೊಟ್ಟ ಇಲ್ಲ. ನಗುತ್ತಿದ್ದ ಹಿರಿಯರೇ ಟೇಪ್ ಹಿಡಿದು ನೋಡಿದರು. ಬಿಸಿಗೆ ಚೌಕಟ್ಟು ಸೆಳೆದು ಸೊಟ್ಟಗಾಗದಂತೆ ಟ್ಯಾಕ್ (ಮೊದಲ ಚುಕ್ಕೆ ಬೆಸುಗೆ) ಹಾಕುವ ನನ್ನದೊಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಈಗ ನನಗೆ ಕೆಲಸ ಬರುತ್ತಿರುವುದೇ ಅದರಿಂದ. ಗೇಟ್ ನಾನೇ ಮಾಡಿದ್ದರಿಂದ ಮಜೂರಿಯಲ್ಲೇ 8-9 ಸಾವಿರ ಉಳಿಯಿತು, ಆಮೇಲೆ ಎರಡು ಕಿಟಕಿ ಗ್ರಿಲ್ ಮಾಡಿಕೊಟ್ಟು ಮೆಷಿನ್‌ನ ದುಡ್ಡು ಪೂರ್ತಿ ಎತ್ತಿದೆ. ಮುಂದೆ ತೇವ ಸ್ವಲ್ಪವೂ ತಡೆಯದ 7018 ರಾಡ್ ಹಿಡಿಯಬೇಕು. ಅದಕ್ಕೆ ಬಲ್ಬ್ ಪೆಟ್ಟಿಗೆ ಸಾಲದು, ಸರಿಯಾದ ಓವನ್ನೇ ಬೇಕು. ಹಳೇದೊಂದು ಹುಡುಕುತ್ತಿದ್ದೇನೆ.