ಉಸಿರಿನ ಬಳಿಗೆ ಮರಳುವ ಅಭ್ಯಾಸ

ಧ್ಯಾನಕ್ಕೆ ಕುಳಿತರೆ ಮನಸ್ಸು ಮೊದಲಿಗಿಂತ ಹೆಚ್ಚು ಓಡುತ್ತದೆಂದು ನಾಲ್ಕೇ ದಿನಕ್ಕೆ ಅಭ್ಯಾಸ ಕೈಬಿಟ್ಟವರನ್ನು ನಾನು ಧಾರವಾಡದಲ್ಲಿ ಬಹಳ ಕಂಡಿದ್ದೇನೆ. ದಿನವಿಡೀ ಓಡುತ್ತಲೇ ಇರುವ ಮನಸ್ಸು, ಸುಮ್ಮನೆ ಕುಳಿತಾಗ ಮಾತ್ರ ನಮ್ಮ ಅರಿವಿಗೆ ಬರುತ್ತದೆ. ಆದ್ದರಿಂದ ಈ ಗದ್ದಲಕ್ಕೆ ಯಾರೂ ಹೆದರಬೇಕಾಗಿಲ್ಲ.

ಕುಳಿತುಕೊಳ್ಳಲು ಧಾರವಾಡದ ಸಾಧನಕೇರಿ ಕೆರೆಯ ದಂಡೆಯೋ ಹುಬ್ಬಳ್ಳಿಯ ನೃಪತುಂಗ ಬೆಟ್ಟವೋ ಆಗಬೇಕೆಂದಿಲ್ಲ, ಪಡಸಾಲೆಯ ಒಂದು ಮೂಲೆ ಸಾಕು. ಹಳೆಯ ಕೌದಿಯನ್ನು ದಪ್ಪಗೆ ಮಡಚಿ ಅದರ ಅಂಚಿನ ಮೇಲೆ ಕುಳಿತರೆ, ಸೊಂಟವು ಮೊಣಕಾಲಿಗಿಂತ ತುಸು ಎತ್ತರದಲ್ಲಿದ್ದು ಬೆನ್ನು ಶ್ರಮವಿಲ್ಲದೆ ನೆಟ್ಟಗಾಗುತ್ತದೆ. ಮೊಣಕಾಲು ನೋವಿದ್ದವರು ಪಾದಗಳು ನೆಲಕ್ಕೆ ತಾಗುವಂತೆ ಕುರ್ಚಿಯ ಮೇಲೆ ಕೂಡಬಹುದು.

ಪ್ರಾಣಾಯಾಮದಲ್ಲಿ ಉಸಿರನ್ನು ನಾವು ನಡೆಸುತ್ತೇವೆ. ಇಲ್ಲಿ ತಾನಾಗಿ ನಡೆಯುವ ಉಸಿರನ್ನು ಕೇವಲ ಗಮನಿಸುತ್ತೇವೆ. ಒಳಗೆ ಬರುವ ಗಾಳಿ ಮೂಗಿನ ಹೊಳ್ಳೆಗಳಿಗೆ ತಂಪಾಗಿಯೂ, ಹೊರಹೋಗುವ ಗಾಳಿ ಬೆಚ್ಚಗೂ ತಾಗುತ್ತದೆ. ಧಾರವಾಡದ ಚಳಿಯ ಬೆಳಗಿನಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿರುತ್ತದೆ. ಗದುಗಿನ ಏಪ್ರಿಲ್ ಮಧ್ಯಾಹ್ನದಲ್ಲಿ ಹೊರಗಿನ ಗಾಳಿಯೇ ಮೈಯಷ್ಟು ಬಿಸಿಯಾಗಿರುವುದರಿಂದ ಅದು ತಿಳಿಯುವುದೇ ಕಷ್ಟ. ಆಗ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಳ್ಳಿ. ಉಸಿರೆಳೆದಾಗ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪದರ, ಕೆಳಗಿಳಿದು ಹೊಟ್ಟೆ ಉಬ್ಬುತ್ತದೆ, ಬಿಟ್ಟಾಗ ಇಳಿಯುತ್ತದೆ. ಆ ಏರಿಳಿತವನ್ನೇ ಹಿಂಬಾಲಿಸಿ.

ಪ್ರತಿಯೊಂದು ಉಸಿರು ಹೊರಹೋದಾಗ ಮನಸ್ಸಿನಲ್ಲೇ ಒಂದು, ಎರಡು ಎಂದು ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ತೊಡಗಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ, ಅಲ್ಲಿಂದ ಕಿರಾಣಿ ಬಾಕಿಗೂ ಮಗಳ ಪರೀಕ್ಷೆಗೂ ಮನಸ್ಸು ಹೋಗಿ, ಲೆಕ್ಕ ತಪ್ಪಿದ್ದು ಬಹಳ ಹೊತ್ತಿನ ನಂತರ ತಿಳಿಯಬಹುದು. ತಿಳಿದ ಆ ಕ್ಷಣದಲ್ಲಿ ನಿಮ್ಮನ್ನು ನೀವು ಬೈದುಕೊಳ್ಳದೆ, ಮೃದುವಾಗಿ ಒಂದಕ್ಕೆ ಮರಳಿ. ಗರಡಿಮನೆಯ ಪೈಲ್ವಾನರಿಗೆ ಒಂದೊಂದು ಬಸ್ಕಿ ಹೇಗೋ ಹಾಗೆ ಇಲ್ಲಿ ಒಂದೊಂದು ಮರಳುವಿಕೆ. ಐವತ್ತು ಬಾರಿ ತಪ್ಪಿ ಐವತ್ತು ಬಾರಿ ಮರಳಿದ ದಿನವನ್ನು ನಾನು ಒಳ್ಳೆಯ ಅಭ್ಯಾಸದ ದಿನವೆಂದೇ ಎಣಿಸುತ್ತೇನೆ.

ಮನಸ್ಸು ತೀರ ಕಲಕಿದ ದಿನ ಮಾತ್ರ ಉಸಿರನ್ನು ಸ್ವಲ್ಪ ನಿಧಾನಗೊಳಿಸಬಹುದು. ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. 4 ಸೆಕೆಂಡು ಒಳಗೆಳೆದು 6 ಸೆಕೆಂಡು ಹೊರಬಿಟ್ಟರೆ ಅದು ನಿಮಿಷಕ್ಕೆ 6ಕ್ಕೆ ಇಳಿಯುತ್ತದೆ. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ತುಸು ನಿಧಾನವಾಗುವುದರಿಂದ, ನೀಳವಾದ ನಿಶ್ವಾಸ ದೇಹವನ್ನು ಶಾಂತಗೊಳಿಸುತ್ತದೆ. ಎರಡು ಮೂರು ನಿಮಿಷ ಹೀಗೆ ಮಾಡಿ, ಮತ್ತೆ ಉಸಿರನ್ನು ಅದರ ಪಾಡಿಗೆ ಬಿಡಿ.

ಮೊದಲ ವಾರ 5 ನಿಮಿಷ ಸಾಕು. ಆಮೇಲೆ ನಿಧಾನವಾಗಿ 15ಕ್ಕೆ ಏರಿಸಿ. ಬಿಡುವಿಲ್ಲದವರು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕುಳಿತೂ ಹತ್ತು ಉಸಿರು ಎಣಿಸಬಹುದು, ವಾಹನ ನಡೆಸುವಾಗ ಮಾತ್ರ ಬೇಡ. ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟೊಡನೆ ದಿಗಿಲು ಹೆಚ್ಚುತ್ತದೆ; ಅಂಥವರು ಕಣ್ಣು ತೆರೆದು, ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸಲಿ, ದಿಗಿಲು ಮರುಕಳಿಸುತ್ತಿದ್ದರೆ ವೈದ್ಯರನ್ನು ಕಾಣಲಿ.